ಔಲಿಯೋ, ಸೋಲಂಗೋ? ಸ್ಕೀ ಚೀಲ ಕಟ್ಟುವ ಮೊದಲು ಓದಿ

ಡಿಸೆಂಬರ್ ಮುಗಿಯುತ್ತಾ ಬಂದ ಹಾಗೆ ನನಗೆ ಮೂರ್ನಾಲ್ಕು ಫೋನ್ ಬರುವುದು ಉಂಟು. "ನೀನು ಎರಡೂ ಕಡೆ ಹೋಗಿದ್ದೀಯಲ್ವಾ, ಯಾವುದು ಒಳ್ಳೇದು?" ಅಂತ. ಈ ಸಲ ಕೇಳಿದ್ದು ಭಾವ. ಮನೆ ಸುರತ್ಕಲ್‌ನಲ್ಲಿ. ವರ್ಷದ ಹನ್ನೆರಡು ತಿಂಗಳೂ ಫ್ಯಾನ್ ತಿರುಗುತ್ತಲೇ ಇರಬೇಕು. ಹಿಮ ಅಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಂಗುಡೆ ಪೊಟ್ಟಣಕ್ಕೆ ಅಂಟಿಕೊಂಡಿರುವುದಷ್ಟೇ ಗೊತ್ತು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ.

ಕಾಶ್ಮೀರದ ಗುಲ್ಮರ್ಗ್ ಯಾಕಿಲ್ಲ ಅಂತ ಕೇಳಬೇಡಿ. ಅದು ದೊಡ್ಡದು. ಅಲ್ಲಿನ ಗಂಡೋಲಾ, ಅಂದರೆ ತಂತಿಯ ಮೇಲೆ ಸಾಗುವ ಡಬ್ಬಿ, 3,900 ಮೀಟರ್ ದಾಟಿ ಹತ್ತುತ್ತದೆ, ಅಷ್ಟು ಮೇಲಿನಿಂದ ಇಳಿಯುವುದು ಚೆನ್ನಾಗಿ ಬಲ್ಲವರ ಕೆಲಸ. ನಾನು ಹೇಳುತ್ತಿರುವುದು ಮೊದಲ ಸಲ ಕಾಲಿಗೆ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದದ ಪಟ್ಟಿ, ಕಟ್ಟುವವರಿಗೆ. ಅವರಿಗೆ ಸಣ್ಣ ಜಾಗವೇ ಸಾಕು. ನಾನು ಕಂಡ ಅಂಥವು ಎರಡು: ಉತ್ತರಾಖಂಡದ ಔಲಿ, ಹಿಮಾಚಲದ ಸೋಲಂಗ್.

ಇವೆರಡರಲ್ಲಿ ಯಾವುದು ಚಂದ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಎರಡೂ ಚಂದವೇ. ನಾನು ಭಾವನಿಗೆ ತಿರುಗಿ ಕೇಳಿದ್ದು ಒಂದೇ: "ನಿಮಗೆ ಹಿಮ ನೋಡಬೇಕಾ, ಸ್ಕೀ ಕಲೀಬೇಕಾ?" ಅವರು "ಎರಡೂ" ಅಂದರು. ಎಲ್ಲರೂ ಹಾಗೇ ಹೇಳುವುದು. ಆದರೆ ಐದು ದಿನದ ರಜೆಯಲ್ಲಿ ಎರಡೂ ಆಗುವುದಿಲ್ಲ.

ಮೊದಲು ಸೋಲಂಗ್. ಮನಾಲಿಯಿಂದ ಹದಿಮೂರು, ಹದಿನಾಲ್ಕು ಕಿಲೋಮೀಟರ್, ಎತ್ತರ ಸುಮಾರು 2,500 ಮೀಟರ್. ಸುತ್ತ ಬೆಟ್ಟ, ನಡುವೆ ಬಟ್ಟಲಿನ ಹಾಗೆ ಬಯಲು. ಬೇಸಿಗೆಯಲ್ಲಿ ಪ್ಯಾರಾಗ್ಲೈಡಿಂಗ್, ಚಳಿಗಾಲದಲ್ಲಿ ಹಿಮ. ಮೇಲಕ್ಕೆ ಹೋಗಲು ಗಂಡೋಲಾ ಉಂಟು, ಸುಮಾರು 3,200 ಮೀಟರ್‌ವರೆಗೆ. ನಾನು ಅಲ್ಲಿಗೆ ಆಫೀಸಿನ ನಾಲ್ಕು ಜನರ ಜೊತೆ ಹೋಗಿದ್ದೆ. ಮನಾಲಿಯಿಂದ ಹೋಗುವ ದಾರಿಯುದ್ದಕ್ಕೂ ನಂಬರ್ ಹಾಕಿದ ಅಂಗಡಿಗಳು, ಹಿಮದ ಕೋಟು, ಬೂಟು ಬಾಡಿಗೆಗೆ ಕೊಡುವಂಥವು. ಟ್ಯಾಕ್ಸಿಯವನು ತಾನೇ ಒಂದು ಅಂಗಡಿಯ ಮುಂದೆ ನಿಲ್ಲಿಸಿದ. ನನಗೆ ಸಿಕ್ಕಿದ್ದು ಕೇಸರಿ ಬಣ್ಣದ ಕೋಟು. ನನಗಿಂತ ಮೊದಲು ಆ ಸೀಸನ್ನಿನಲ್ಲಿ ನೂರು ಜನ ಬೆವರಿರಬೇಕು ಅದರಲ್ಲಿ. ಬೂಟು ಒಂದು ನಂಬರ್ ದೊಡ್ಡದು. "ಚಲೇಗಾ" ಅಂದ ಅಂಗಡಿಯವ. ಮಧ್ಯಾಹ್ನದೊಳಗೆ ಎರಡೂ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು.

ಬಯಲಿಗೆ ಇಳಿದ ಕೂಡಲೇ ಹತ್ತು ಜನ ಸುತ್ತಿಕೊಳ್ಳುತ್ತಾರೆ. ಸ್ನೋ ಸ್ಕೂಟರ್, ಟ್ಯೂಬು, ಕುದುರೆ, ಸ್ಕೀ. ಸ್ಕೀ ಮಾಡಿಸುತ್ತೇನೆ ಎಂದವನ ಜೊತೆ ಚೌಕಾಸಿ ಮಾಡಿ ಒಪ್ಪಿದೆ. ಅವನು ಸ್ಕೀ ಕಟ್ಟಿದ, ಕೈ ಹಿಡಿದು ಇಪ್ಪತ್ತು ಅಡಿ ಮೇಲಕ್ಕೆ ಕರೆದುಕೊಂಡು ಹೋದ, ಕೆಳಕ್ಕೆ ಬಿಟ್ಟ, ಕೆಳಗೆ ಹಿಡಿದ, ನನ್ನದೇ ಫೋನಿನಲ್ಲಿ ಫೋಟೋ ತೆಗೆದ, ಇನ್ನೊಮ್ಮೆ ಬಿಟ್ಟ, ಅಷ್ಟರಲ್ಲಿ ಟೈಮ್ ಆಯ್ತು ಎಂದು ಸ್ಕೀ ಬಿಚ್ಚಿಕೊಂಡು ಮುಂದಿನ ಗಿರಾಕಿಯ ಹತ್ತಿರ ಹೋದ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಫೋಟೋ ಮಾತ್ರ ಚೆನ್ನಾಗಿ ಬಂದಿದೆ, ಈಗಲೂ ವಾಟ್ಸಾಪ್ ಡಿಪಿ ಅದೇ.

ಇದನ್ನೇ ಸ್ಕೀ ಅಂತ ತಿಳಿದು ವಾಪಸ್ ಬರುವವರೇ ಜಾಸ್ತಿ. ತಪ್ಪೇನಿಲ್ಲ. ಆದರೆ ಸೋಲಂಗ್‌ನಲ್ಲಿ ಕಲಿಯಲಿಕ್ಕೇ ಆಗುವುದಿಲ್ಲ ಅಂತ ಹೇಳಿದರೆ ಅನ್ಯಾಯ ಆಗುತ್ತದೆ. ಟರ್ಕಿಯಲ್ಲಿ 2018ರಲ್ಲಿ ಕಂಚು ಗೆದ್ದು, ಅಂತರರಾಷ್ಟ್ರೀಯ ಸ್ಕೀ ಸ್ಪರ್ಧೆಯಲ್ಲಿ ಭಾರತಕ್ಕೆ ಮೊದಲ ಪದಕ ತಂದ ಆಂಚಲ್ ಠಾಕೂರ್ ಅಲ್ಲೇ ಪಕ್ಕದ ಬುರುವಾ ಊರಿನವರು. ಆ ಸುತ್ತಿನ ಹಳ್ಳಿಯ ಮಕ್ಕಳಿಗೆ ಸ್ಕೀ ಅಂದರೆ ನಮ್ಮ ಮಕ್ಕಳಿಗೆ ಹೊಳೆಯಲ್ಲಿ ಈಜು ಇದ್ದ ಹಾಗೆ. ಮರುದಿನ ನಾವು ಹೋಮ್‌ಸ್ಟೇಯವರನ್ನು ಕೇಳಿ, ಇಡೀ ದಿನಕ್ಕೆ ಅಂತ ಮಾತಾಡಿ ಒಬ್ಬ ಹುಡುಗನನ್ನು ಗೊತ್ತು ಮಾಡಿಕೊಂಡೆವು. ಅವನು ಮೊದಲು ಮಾಡಿದ್ದೇ ಬೂಟು ಬದಲಿಸಿದ್ದು. ಜನ ಇಲ್ಲದ ಮೂಲೆಗೆ ಕರೆದುಕೊಂಡು ಹೋಗಿ ಬೀಳುವುದು, ಏಳುವುದು, ನಿಲ್ಲಿಸುವುದು ಹೇಳಿಕೊಟ್ಟ. ಸಂಜೆಗೆ ನಾನು ನನ್ನಷ್ಟಕ್ಕೆ ಐವತ್ತು ಮೀಟರ್ ಇಳಿದು ನಿಂತೆ. ಹಾಗಾಗಿ ಸೋಲಂಗ್‌ಗೆ ಹೋಗುವವರು ಬಯಲಿನಲ್ಲಿ ಸಿಕ್ಕಿದವರ ಜೊತೆ ನಿಮಿಷದ ಲೆಕ್ಕದಲ್ಲಿ ಮಾತಾಡಬೇಡಿ, ಹಿಂದಿನ ರಾತ್ರಿಯೇ ಉಳಿದ ಜಾಗದಲ್ಲಿ ವಿಚಾರಿಸಿ ದಿನದ ಲೆಕ್ಕದಲ್ಲಿ ಗೊತ್ತು ಮಾಡಿಕೊಳ್ಳಿ. ಎರಡು ವಾರ ರಜೆ ಇದ್ದವರಿಗೆ ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಸರ್ಕಾರಿ ಪರ್ವತಾರೋಹಣ ಸಂಸ್ಥೆಯೂ ಉಂಟು. ಅವರು ಚಳಿಗಾಲದಲ್ಲಿ ಸೋಲಂಗ್‌ನಲ್ಲಿ ಸ್ಕೀ ಕೋರ್ಸ್ ನಡೆಸುತ್ತಾರೆ. ಅದು ಶಿಸ್ತಿನ ತರಬೇತಿ. ಪಿಕ್‌ನಿಕ್ ಮನಸ್ಸಿನಲ್ಲಿ ಹೋಗಬೇಡಿ.

ಸೋಲಂಗ್‌ನ ದೊಡ್ಡ ತಲೆನೋವು ಜನ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಆ ಕಡೆ ತಲೆ ಹಾಕಬೇಡಿ. 2024ರ ಡಿಸೆಂಬರ್ ಕೊನೆಯಲ್ಲಿ ಒಮ್ಮೆಲೇ ಹಿಮ ಬಿದ್ದು ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಸಾವಿರದಷ್ಟು ವಾಹನ ಸಿಕ್ಕಿಬಿದ್ದ ಸುದ್ದಿ ನೀವೂ ನೋಡಿರಬಹುದು. ಹಿಮ ಜೋರಾಗಿ ಬಿದ್ದ ದಿನ ಪೊಲೀಸರು ಸಾದಾ ಕಾರುಗಳನ್ನು ದಾರಿಯಲ್ಲೇ ತಡೆಯುತ್ತಾರೆ, ಮುಂದೆ ಫೋರ್ ಬೈ ಫೋರ್ ಗಾಡಿಗೆ ಮಾತ್ರ ಬಿಡುತ್ತಾರೆ. ಆಗ ಆ ಗಾಡಿಯವರು ಹೇಳಿದ್ದೇ ರೇಟು.

ಇನ್ನು ಔಲಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಸಹಿಸಿಕೊಳ್ಳಿ. ನಾನು ನಿಜವಾಗಿ ಕಲಿತದ್ದು ಅಲ್ಲೇ.

ಚಮೋಲಿ ಜಿಲ್ಲೆ, ಜೋಶಿಮಠದ ಮೇಲೆ. ಇಳಿಜಾರು ಸುಮಾರು 2,500 ಮೀಟರ್‌ನಿಂದ 3,000 ಮೀಟರ್ ಮೇಲಿನವರೆಗೆ, ಉದ್ದದ ಓಟ ಮೂರು ಕಿಲೋಮೀಟರ್ ಹತ್ತಿರ. ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ಆದ್ದರಿಂದ ಬಿಸಿಲು ಕಡಿಮೆ ಬಿದ್ದು ಹಿಮ ಸ್ವಲ್ಪ ಹೆಚ್ಚು ದಿನ ನಿಲ್ಲುತ್ತದೆ. ಅಕ್ಕಪಕ್ಕ ದೇವದಾರು ಮತ್ತು ಓಕ್ ಮರಗಳು, ಗಾಳಿಗೆ ತಡೆ. ದಕ್ಷಿಣ ಏಷ್ಯಾದ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು 2011ರಲ್ಲಿ ನಡೆದದ್ದು ಇಲ್ಲೇ. ಐಟಿಬಿಪಿಯ, ಅಂದರೆ ಇಂಡೋ-ಟಿಬೆಟನ್ ಗಡಿ ಪೊಲೀಸರ, ಪರ್ವತಾರೋಹಣ ಮತ್ತು ಸ್ಕೀ ಶಾಲೆಯೂ ಇಲ್ಲಿಯೇ ಉಂಟು. ಬೆಳಿಗ್ಗೆ ನೀವು ಹಲ್ಲುಜ್ಜಿಕೊಂಡು ಹೊರಗೆ ಬರುವಷ್ಟರಲ್ಲಿ ಆ ಜವಾನರು ಎರಡು ಸುತ್ತು ಇಳಿದು ಮುಗಿಸಿರುತ್ತಾರೆ. ನೋಡಿ ಹೊಟ್ಟೆಕಿಚ್ಚಾಗುತ್ತದೆ.

ಎದುರಿಗೆ ನಂದಾದೇವಿ. 7,816 ಮೀಟರ್. ಇದನ್ನು ವರ್ಣಿಸಲು ಹೋಗುವುದಿಲ್ಲ. ಮೊದಲ ದಿನ ಬೆಳಿಗ್ಗೆ ಅದರ ತುದಿಗೆ ಬಿಸಿಲು ತಾಗಿದಾಗ ನಮ್ಮ ಬ್ಯಾಚಿನ ಹದಿನೈದು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ, ಅಷ್ಟೇ ಹೇಳಬಹುದು.

ಔಲಿಯಲ್ಲಿ ಗಢ್ವಾಲ್ ಮಂಡಲ ವಿಕಾಸ ನಿಗಮ, ಅಂದರೆ ಜಿಎಂವಿಎನ್, ಏಳು ದಿನದ ಮತ್ತು ಹದಿನಾಲ್ಕು ದಿನದ ಸ್ಕೀ ಕೋರ್ಸ್ ನಡೆಸುತ್ತದೆ. ಉಳಿಯುವುದು, ಊಟ, ಸ್ಕೀ, ಬೂಟು, ಕಲಿಸುವವರು ಎಲ್ಲ ಒಂದೇ ಶುಲ್ಕದಲ್ಲಿ. ನಾನು ಮಾಡಿದ್ದು ಏಳು ದಿನದ್ದು. ಐಷಾರಾಮ ಬಯಸಬೇಡಿ. ಡಾರ್ಮಿಟರಿ, ಬಿಸಿನೀರು ಬಕೆಟ್ ಲೆಕ್ಕದಲ್ಲಿ, ಊಟಕ್ಕೆ ರಾಜ್ಮಾ, ರೊಟ್ಟಿ, ಆಲೂ. ಮೂರನೇ ದಿನ ಕುಚ್ಚಲಕ್ಕಿ ಗಂಜಿ ನೆನಪಾಗಿ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೆ ಅಲ್ಲಿ ಯಾರೂ ನಿಮ್ಮ ಹತ್ತಿರ ಚೌಕಾಸಿಗೆ ಬರುವುದಿಲ್ಲ. ಬೆಳಿಗ್ಗೆ ಎದ್ದರೆ ಸ್ಕೀ, ಮಧ್ಯಾಹ್ನ ಸ್ಕೀ, ರಾತ್ರಿ ಮೈಕೈ ನೋವು.

ಮೊದಲೆರಡು ದಿನ ಲಿಫ್ಟ್ ಹತ್ತಲು ಬಿಡುವುದೇ ಇಲ್ಲ. ಸ್ಕೀ ಕಟ್ಟಿಕೊಂಡು ಇಳಿಜಾರಿಗೆ ಅಡ್ಡ ನಿಂತು ಏಡಿಯ ಹಾಗೆ ಒಂದೊಂದೇ ಹೆಜ್ಜೆ ಮೇಲಕ್ಕೆ ಹತ್ತಬೇಕು, ಹತ್ತು ಮೀಟರ್ ಇಳಿಯಬೇಕು, ಮತ್ತೆ ಹತ್ತಬೇಕು. ಇಳಿಯುವಾಗ ಎರಡೂ ಸ್ಕೀಯ ಮೂತಿ ಹತ್ತಿರ ತಂದು ಹಿಂದಿನ ಭಾಗ ಅಗಲಿಸಬೇಕು. ಅದೇ ಬ್ರೇಕು. ಎಲ್ಲ ಕಡೆ ಅದಕ್ಕೆ ಪಿಜ್ಜಾ ಅಂತಲೇ ಹೇಳುತ್ತಾರೆ, ಪಿಜ್ಜಾ ತುಂಡಿನ ಆಕಾರ ಬರುತ್ತದಲ್ಲ, ಹಾಗೆ.

ಒಂದು ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಕಷ್ಟ ಜಾಸ್ತಿ ಅಂತ ನನ್ನ ಅನಿಸಿಕೆ. ಆಟಿ ತಿಂಗಳಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಡೆದು ನಡೆದು ನಮಗೆ ಜಾರಿದ ಕೂಡಲೇ ಮೈ ಹಿಂದಕ್ಕೆ ಎಳೆದುಕೊಳ್ಳುವ ಅಭ್ಯಾಸ. ಸ್ಕೀಯಲ್ಲಿ ಹಿಂದಕ್ಕೆ ವಾಲಿದಿರೋ, ಕಥೆ ಮುಗಿಯಿತು, ಸ್ಕೀ ನಿಮ್ಮನ್ನು ಬಿಟ್ಟು ತಾನೇ ಮುಂದೆ ಓಡುತ್ತದೆ. ಮೊಣಕಾಲು ಬಗ್ಗಿಸಿ, ಕಾಲಿನ ಮುಂಭಾಗವನ್ನು ಬೂಟಿನ ನಾಲಿಗೆಗೆ ಒತ್ತಿ, ಎದೆ ಕೆಳಗಿನ ಇಳಿಜಾರಿನ ಕಡೆಗೇ ಇಡಬೇಕು. ಹೆದರಿಕೆ ಆಗುವ ದಿಕ್ಕಿಗೇ ಬಾಗಬೇಕು ಅಂದರೆ ಮೆದುಳು ಒಪ್ಪುವುದಿಲ್ಲ. ನಾಲ್ಕನೇ ದಿನ ಒಪ್ಪಿತು. ಸೋಲಂಗ್‌ನ ಇಪ್ಪತ್ತು ನಿಮಿಷದಲ್ಲಿ ಇದು ಹೇಗೆ ಆಗಬೇಕು ಹೇಳಿ?

ಮುಲ್ಕಿಯಲ್ಲೋ ಸಸಿಹಿತ್ಲುವಿನಲ್ಲೋ ಸರ್ಫಿಂಗ್ ಮಾಡಿದವರಿಗೆ ಒಂದು ಮಾತು: ನಿಮ್ಮ ಸಮತೋಲನ ಕೆಲಸಕ್ಕೆ ಬರುವುದು ಸ್ನೋಬೋರ್ಡಿಗೆ. ಅದರಲ್ಲಿ ಹಲಗೆಯ ಮೇಲೆ ಅಡ್ಡ ನಿಲ್ಲುವುದು. ಸ್ಕೀಯಲ್ಲಿ ನೇರ ಮುಂದಕ್ಕೆ ಮುಖ. ನಮ್ಮ ಬ್ಯಾಚಿನಲ್ಲಿದ್ದ ಸರ್ಫಿಂಗ್ ಹುಡುಗ ನಮ್ಮೆಲ್ಲರಿಗಿಂತ ಜಾಸ್ತಿ ಬಿದ್ದ.

ಇಷ್ಟು ಹೊಗಳಿದ ಮೇಲೆ ಔಲಿಯ ತೊಂದರೆಗಳನ್ನೂ ಹೇಳಬೇಕು, ಅವು ಸಣ್ಣವಲ್ಲ. ಜೋಶಿಮಠದಿಂದ ಔಲಿಗೆ ನಾಲ್ಕು ಕಿಲೋಮೀಟರ್ ಉದ್ದದ ರೋಪ್‌ವೇ ಇದೆಯಲ್ಲ, ಹಳೆಯ ಪ್ರವಾಸ ಕಥನಗಳಲ್ಲೆಲ್ಲ ಅದರದ್ದೇ ಗುಣಗಾನ. ಜೋಶಿಮಠದಲ್ಲಿ ನೆಲ ಕುಸಿದು 800ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಬಿಟ್ಟಿತು. ಆಗ, 2023ರ ಜನವರಿಯಲ್ಲಿ, ಆ ರೋಪ್‌ವೇಯನ್ನು ನಿಲ್ಲಿಸಿದರು. ನಾನು ಹೋದಾಗಲೂ ನಿಂತೇ ಇತ್ತು. ಈಗ ರಸ್ತೆಯೇ ಗತಿ ಅಂತಲೇ ಲೆಕ್ಕ ಹಾಕಿ. ಹಿಮ ಬಿದ್ದರೆ ಟೈರಿಗೆ ಚೈನ್ ಕಟ್ಟಿದ ಗಾಡಿ ಬೇಕು. ಮೇಲೆ ಔಲಿಯೊಳಗೆ 800 ಮೀಟರ್ ಉದ್ದದ ಚೇರ್ ಲಿಫ್ಟ್ ಬೇರೆ ಉಂಟು. ಇವೆರಡನ್ನು ಒಂದೇ ಅಂದುಕೊಂಡು "ರೋಪ್‌ವೇ ಚಾಲೂ ಉಂಟು" ಎಂದು ಹೇಳುವ ಏಜೆಂಟರಿದ್ದಾರೆ, ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳಿ.

ಎರಡನೆಯದು ಹಿಮ. ನಮ್ಮ ಮುಂಗಾರು ಒಂದು ವಾರ ಆಚೀಚೆ ಆದರೂ ಬಂದೇ ಬರುತ್ತದೆ. ಹಿಮಾಲಯದ ಚಳಿಗಾಲದ ಹಿಮ ಹಾಗಲ್ಲ. ಅದು ಮೆಡಿಟರೇನಿಯನ್ ಕಡೆಯಿಂದ ಬರುವ ಮಾರುತಗಳನ್ನು ನಂಬಿಕೊಂಡದ್ದು. ಅವು ಒಂದು ವರ್ಷ ಡಿಸೆಂಬರ್‌ನಲ್ಲೇ ಸುರಿಯುತ್ತವೆ, ಇನ್ನೊಂದು ವರ್ಷ ಜನವರಿ ಇಡೀ ಒಣಗಿಸುತ್ತವೆ. ಹಿಮ ಸಾಲದೆ ಔಲಿಯಲ್ಲಿ ರಾಷ್ಟ್ರೀಯ ಸ್ಪರ್ಧೆಯೇ ರದ್ದಾದದ್ದುಂಟು. ಕೃತಕ ಹಿಮ ಹಾರಿಸುವ ಯಂತ್ರಗಳಿವೆ, ಅದಕ್ಕೆ ನೀರು ಕೊಡಲು ಮೇಲೆ ಒಂದು ಕೆರೆಯನ್ನೂ ಕಟ್ಟಿದ್ದಾರೆ. ಆದರೆ ನೀರಿನ ಹನಿ ಹಿಮ ಆಗಬೇಕಾದರೆ ಗಾಳಿ ಸಾಕಷ್ಟು ತಣ್ಣಗಿರಬೇಕು. ಬೆಚ್ಚಗಿನ ವರ್ಷದಲ್ಲಿ ಯಂತ್ರ ಇದ್ದೂ ಪ್ರಯೋಜನ ಇಲ್ಲ. ಯಂತ್ರ ಉಂಟಲ್ಲ ಅಂತ ಧೈರ್ಯ ಮಾಡಬೇಡಿ. ಜನವರಿ ಕೊನೆಯ ವಾರದಿಂದ ಫೆಬ್ರವರಿ ಮಧ್ಯದೊಳಗಿನ ಬ್ಯಾಚ್ ಹಿಡಿಯಿರಿ.

ಈ ಒಂದು ವಿಷಯದಲ್ಲಿ ಸೋಲಂಗ್‌ನವರು ಗೆಲ್ಲುತ್ತಾರೆ. ಅಲ್ಲಿ ಹಿಮ ಇಲ್ಲದಿದ್ದರೆ ಕಾರು ಮುಂದಕ್ಕೆ ಬಿಟ್ಟು, 2020ರ ಅಕ್ಟೋಬರ್‌ನಲ್ಲಿ ಶುರುವಾದ 9 ಕಿಲೋಮೀಟರ್‌ನ ಅಟಲ್ ಸುರಂಗ ದಾಟಿದರೆ ಲಾಹೌಲ್. ಈ ಕಡೆ ಹುಲ್ಲು ಕಾಣುತ್ತಿರುವಾಗ ಅಲ್ಲಿನ ಸಿಸ್ಸು ಊರಿನಲ್ಲಿ ಬಿಳಿ ಇರುವುದು ಅಪರೂಪವೇನಲ್ಲ. ಸ್ಕೀಗೆ ಹೇಳಿ ಮಾಡಿಸಿದ ಜಾಗ ಅಲ್ಲದಿದ್ದರೂ ಮಕ್ಕಳಿಗೆ ಆಡಲು ಸಾಕು. ಔಲಿಯಲ್ಲಿ ಹಿಮ ಇಲ್ಲದಿದ್ದರೆ? ಗೋರ್ಸನ್ ಬುಗ್ಯಾಲ್ ಎಂಬ ಬೆಟ್ಟದ ಹುಲ್ಲುಗಾವಲಿನ ಕಡೆ ನಡೆಯಬಹುದು, ನಂದಾದೇವಿ ನೋಡಬಹುದು. ಬದರಿಗೆ ಹೋಗೋಣ ಅಂದರೆ ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತಾರೆ. ಇದನ್ನು ಉಡುಪಿಯವರಿಗೆ ವಿಶೇಷವಾಗಿ ಹೇಳಬೇಕು. ಮಧ್ವಾಚಾರ್ಯರು ಬದರಿಗೆ ಹೋದ ಕಥೆ ಕೇಳಿ ಬೆಳೆದ ನನ್ನ ಅಮ್ಮ, ಅಷ್ಟು ದೂರ ಹೋಗಿ ಪ್ರಸಾದ ತರದೆ ಬಂದೆಯಲ್ಲ ಅಂತ ಇವತ್ತಿಗೂ ಹೇಳುತ್ತಾರೆ. ಜೋಶಿಮಠದ ನರಸಿಂಹ ದೇವಸ್ಥಾನಕ್ಕೆ ಹೋಗಿ ಬಂದೆ ಅಂದರೂ ಸಮಾಧಾನ ಇಲ್ಲ. ಸೋಲಂಗ್ ಹತ್ತಿರ ಆದರೆ ಅಂಜನಿ ಮಹಾದೇವ ಉಂಟು, ಚಳಿಗಾಲದಲ್ಲಿ ಮೇಲಿಂದ ಬೀಳುವ ನೀರು ಹೆಪ್ಪುಗಟ್ಟಿ ಮಂಜಿನ ಲಿಂಗ ಆಗುತ್ತದೆ. ಹಿರಿಯರು ಜೊತೆಗಿದ್ದರೆ ಇದು ಸಣ್ಣ ವಿಷಯವಲ್ಲ.

ದಾರಿಯ ಲೆಕ್ಕ ಕೇಳಿ, ನಿರ್ಧಾರ ಆಗುವುದು ಇಲ್ಲೇ. ಬಜ್ಪೆಯಿಂದ ದೆಹಲಿಗೆ ವಿಮಾನ, ಅಲ್ಲಿಯವರೆಗೆ ಎರಡಕ್ಕೂ ಒಂದೇ. ದೆಹಲಿಯಿಂದ ಸಂಜೆ ವೋಲ್ವೋ ಹತ್ತಿದರೆ ಹನ್ನೆರಡು, ಹದಿನಾಲ್ಕು ಗಂಟೆಯಲ್ಲಿ ಮನಾಲಿ. ಅಂದರೆ ಇವತ್ತು ಬೆಳಿಗ್ಗೆ ಊರಿನಲ್ಲಿ ಗೋಳಿಬಜೆ ತಿಂದವರು ನಾಳೆ ಮಧ್ಯಾಹ್ನ ಹಿಮದಲ್ಲಿರಬಹುದು. ಔಲಿಗೆ ಹಾಗಾಗುವುದಿಲ್ಲ. ಮೊದಲ ರಾತ್ರಿ ಋಷಿಕೇಶದಲ್ಲಿ. ಮರುದಿನ ಬೆಳಗಿನ ಜಾವ ಹೊರಟರೆ ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ ಅಂತ ಸುಮಾರು 250 ಕಿಲೋಮೀಟರ್ ಗಂಗೆ ಮತ್ತು ಅಲಕನಂದೆಯ ಪಕ್ಕದಲ್ಲೇ ಸಾಗಿ, ಸಂಜೆಗೆ ಜೋಶಿಮಠ. ಚಾರ್ಮಾಡಿ ಘಾಟಿಯಲ್ಲಿ ವಾಂತಿ ಮಾಡುವವರು ಮಾತ್ರೆ ಇಟ್ಟುಕೊಳ್ಳಿ, ಇದು ಇಡೀ ದಿನದ ಚಾರ್ಮಾಡಿ. ಮೂರನೇ ದಿನ ಔಲಿ. ಏಳು ದಿನದ ಕೋರ್ಸಿಗೆ ಹೋಗಿ ಬರುವ ದಿನ ಸೇರಿಸಿದರೆ ಹನ್ನೆರಡು ದಿನ ರಜೆ. ಎಲ್ಲರ ಮ್ಯಾನೇಜರ್ ಕೊಡುತ್ತಾರಾ?

ಪುರುಸೊತ್ತು ಇದ್ದವರಿಗೆ ರೈಲೂ ಉಂಟು. ಕೇರಳದಿಂದ ಹೊರಟು ಕೊಂಕಣ ದಾರಿಯಲ್ಲಿ ಋಷಿಕೇಶಕ್ಕೆ ಹೋಗುವ ವಾರಕ್ಕೊಮ್ಮೆಯ ರೈಲು, ಮನಾಲಿ ಕಡೆಗಾದರೆ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿ, ಎರಡನ್ನೂ ಮಂಗಳೂರು ಜಂಕ್ಷನ್‌ನಲ್ಲಿ ಹತ್ತಬಹುದು. ಎರಡು ರಾತ್ರಿ ರೈಲಿನಲ್ಲೇ. ನಾನು ಔಲಿಗೆ ಹೋಗುವಾಗ ರೈಲಿನಲ್ಲೇ ಹೋದೆ, ಬರುವಾಗ ಮೊಣಕಾಲು ಮಾತು ಕೇಳದ ಕಾರಣ ವಿಮಾನ.

ಮೊಣಕಾಲು ಅಂದಾಗ ನೆನಪಾಯಿತು. ಸ್ಕೀಯಲ್ಲಿ ಬೂಟನ್ನು ಹಿಡಿದಿಡುವ ಬೈಂಡಿಂಗ್ ಅಂತ ಒಂದುಂಟು, ಜೋರಾಗಿ ಬಿದ್ದಾಗ ಅದು ತಾನಾಗಿ ಬಿಟ್ಟುಕೊಳ್ಳಬೇಕು. ಬಿಡದಿದ್ದರೆ ಉದ್ದದ ಸ್ಕೀ ಕಾಲನ್ನು ತಿರುಚಿ ಮೊಣಕಾಲಿನ ಲಿಗಮೆಂಟ್ ಹೋಗುತ್ತದೆ. ನಿಮ್ಮ ತೂಕ ಕೇಳಿ ಅದನ್ನು ಹೊಂದಿಸಿಕೊಡಬೇಕು. ಔಲಿಯಲ್ಲಿ ಮೊದಲ ದಿನವೇ ಕೇಳಿದರು. ಸೋಲಂಗ್‌ನ ಬಯಲಿನಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ನೀವಾಗಿ ಹೇಳಿ, ನಾಚಿಕೆ ಬೇಡ.

ಮಕ್ಕಳು, ಅಜ್ಜ ಅಜ್ಜಿ ಎಲ್ಲ ಸೇರಿ ಹೋಗುವುದಾದರೆ ಸೋಲಂಗ್, ಅದರಲ್ಲಿ ಎರಡು ಮಾತಿಲ್ಲ. ಮನಾಲಿಯಲ್ಲಿ ಬೇಕಾದ ಬಗೆಯ ಹೋಟೆಲ್, ಡಾಕ್ಟರು, ಬಜಾರು ಎಲ್ಲ ಸಿಗುತ್ತದೆ. ಸ್ಕೀ ಬೇಡ ಎನ್ನುವವರಿಗೆ ಮಾಲ್ ರೋಡಿನಲ್ಲಿ ಶಾಲು ನೋಡುವ ಕೆಲಸ. ಔಲಿಯಲ್ಲಿ ಸ್ಕೀ ಮಾಡದವರು ಎರಡನೇ ದಿನಕ್ಕೇ ಬೋರು ಅನ್ನುತ್ತಾರೆ. ಹೊಸದಾಗಿ ಮದುವೆ ಆದವರು ಎಲ್ಲಿಗಾದರೂ ಹೋಗಿ, ನಿಮಗೆ ಯಾರ ಸಲಹೆಯೂ ಕಿವಿಗೆ ಬೀಳುವುದಿಲ್ಲ.

ಸಾಮಾನಿನ ಬಗ್ಗೆ ಎರಡೇ ಮಾತು. ಹತ್ತಿಯ ಬನಿಯನ್ ಹಾಕಬೇಡಿ, ಬೆವರಿ ಒದ್ದೆಯಾದರೆ ಮೈಮೇಲೆ ಮಂಜುಗಡ್ಡೆ ಇಟ್ಟ ಹಾಗೆ. ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ ಒಳಗೆ ಇರಲಿ. ಕಪ್ಪು ಕನ್ನಡಕ ಬೇಕೇ ಬೇಕು. ಬಿಸಿಲು ಹಿಮದಿಂದ ತಿರುಗಿ ಮುಖಕ್ಕೆ ಹೊಡೆಯುತ್ತದೆ, ಮಲ್ಪೆಯಲ್ಲಿ ಇಡೀ ದಿನ ನಿಂತರೂ ನನ್ನ ಮೂಗು ಅಷ್ಟು ಸುಟ್ಟಿರಲಿಲ್ಲ. ತೆಂಗಿನ ಎಣ್ಣೆ ಬಾಟಲಿಯಲ್ಲಿ ತಂದರೆ ಕಲ್ಲಾಗುತ್ತದೆ, ಅಗಲ ಬಾಯಿಯ ಡಬ್ಬದಲ್ಲಿ ಹಾಕಿ, ಚಮಚದಲ್ಲಿ ಕೆರೆದು ತೆಗೆಯಬಹುದು.

ಭಾವ ಎಲ್ಲ ಕೇಳಿ, "ನಮ್ಮಂಥವರಿಗೆ ಸ್ಕೀ ಎಂತಕ್ಕೆ ಮಾರಾಯ, ಕಡಲ ಬದಿಯವರು ನಾವು" ಅಂದರು. ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಕರ್ನಾಟಕಕ್ಕೆ ಸ್ಕೀಯಲ್ಲೇ ಚಿನ್ನ ತಂದಿದ್ದಾರೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಫೋನ್ ಸ್ಪೀಕರ್‌ನಲ್ಲಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಭಾವ, ಅಕ್ಕ ಫೆಬ್ರವರಿಯಲ್ಲಿ ಐದು ದಿನಕ್ಕೆ ಮನಾಲಿ ಬುಕ್ ಮಾಡಿದ್ದಾರೆ. ಅಕ್ಕನ ಮಗಳಿಗೆ ಕಾಲೇಜು ಪರೀಕ್ಷೆ ಇದೆ, ಬರುವುದಿಲ್ಲವಂತೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಅವಳ ಮೆಸೇಜ್ ಬಂತು: "ಮಾಮ, ಔಲಿ ಕೋರ್ಸಿನ ಫಾರ್ಮ್ ಎಲ್ಲಿ ಸಿಗುತ್ತೆ? ಅಪ್ಪನಿಗೆ ಈಗಲೇ ಹೇಳ್ಬೇಡಿ."